ಭಂಡಾರ ಹತ್ತಿದ ಕೈ

"ಯಕ್ಕಾ, ನಾಕ ಗಂಟೇಕ ಪೊಲೀಸರನ್ನ ಕರಸ್ತಾರಂತ. ಅದರೊಳಗ ನೀ ಏನರ ಮಾಡಬೇಕು. ಇಲ್ಲಂದ್ರ ನನ್ನ ಗಂಡ ಉಳಿಯಂಗಿಲ್ಲ."

ಇಷ್ಟು ಹೇಳಿ ದುಂಡವ್ವ ಬಾಗಿಲ ಚೌಕಟ್ಟು ಹಿಡಿದು ಹೊಸ್ತಿಲ ಮೇಲೇ ಕುಸಿದಳು. ಒಳಗೆ ಬೀಡಿ ಸುತ್ತುತ್ತಿದ್ದ ಸೋನಾಲಿ ಮೊರ ಬದಿಗಿಟ್ಟು ನೀರು ತಂದಳು. ದುಂಡವ್ವ ಚೊಂಬು ಹಿಡಿದುಕೊಂಡಳೇ ಹೊರತು ಬಾಯಿಗೆ ತರಲಿಲ್ಲ.

"ಅವ ಮುಂಜಾನಿಂದ ಹನಿ ನೀರ ಮುಟ್ಟಿಲ್ಲ. ನಾ ಹ್ಯಾಂಗ ಕುಡೀಲಿ?"

ಶಿವಗಂಗವ್ವ ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿದಳು. ಅವಳು ಪೊಲೀಸಿನವಳಲ್ಲ, ವಕೀಲಳಲ್ಲ. ನಿಪ್ಪಾಣಿಯ ತಂಬಾಕಿನ ವಖಾರಿಯೊಂದರ ಬಾಗಿಲಲ್ಲಿ ಮೂವತ್ತು ವರ್ಷ ಝಡತಿ ತೆಗೆದುಕೊಂಡವಳು. ಸಂಜೆ ಕೆಲಸ ಬಿಟ್ಟು ಹೊರಡುವ ಹೆಂಗಸರ ಮೈ ತಡವಿ, ಉಡಿಯಲ್ಲಿ ತಂಬಾಕು ಹೋಗದಂತೆ ಕಾಯುವ ಕೆಲಸ ಅದು. ಕದ್ದವರು ಎಲ್ಲಿ ಬಚ್ಚಿಡುತ್ತಾರೆ, ಕದಿಯದವರು ಯಾಕೆ ನಡುಗುತ್ತಾರೆ ಎಂಬುದು ಅವಳ ಅಂಗೈಗೇ ಗೊತ್ತಿತ್ತು. ವಖಾರಿ ಮುಚ್ಚಿದ ಮೇಲೆ, ಏನು ಕಳೆದರೂ ಊರವರು ಮೊದಲು ಬರುವುದು ಅವಳ ಮನೆಗೆ. ಅವಳ ಹಿಂದೆ ನೆರಳಿನಂತೆ ಹೋಗುವವಳು ಪಕ್ಕದ ಮನೆಯ ಸೋನಾಲಿ. ಎಂಟನೇ ಇಯತ್ತೆಗೇ ಶಾಲೆ ಬಿಟ್ಟ ಹುಡುಗಿ. ನಾಲ್ಕು ಜನರ ಮುಂದೆ ಬಾಯಿ ಬಾರದು, ಆದರೆ ಕಣ್ಣು ಸುಮ್ಮನೆ ಕೂರುತ್ತಿರಲಿಲ್ಲ.

"ಅಳಬ್ಯಾಡ. ಮೊದಲಿಂದ ಹೇಳು," ಎಂದಳು ಶಿವಗಂಗವ್ವ.

ದುಂಡವ್ವ ಬೇಡಕಿಹಾಳದವಳು. ಗಂಡ ಜಕ್ಕಪ್ಪ ಕುರಿ ಕಾಯುವವನು, ಊರ ಬೀರದೇವರ ಪೂಜಾರಿ, ಭಕ್ತರ ಹಣೆಗೆ ದೇವರ ಭಂಡಾರ, ಅಂದರೆ ಅರಿಶಿನದ ಪುಡಿ ಹಚ್ಚುವವನು. ಮಗಳು ಸೌಂದರ್ಯಾ ನರ್ಸಿಂಗ್ ಮುಗಿಸಿ, ನಾಳೆ ಬೆಳಗಾವಿಯ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರುವವಳಿದ್ದಳು. ನಾಡಿ ಎಣಿಸಲು ಸೆಕೆಂಡಿನ ಮುಳ್ಳಿರುವ ವಾಚು ಬೇಕು ಎಂದಿದ್ದಳಂತೆ. ಗಂಡ ಹೆಂಡತಿ ಮುಂಜಾನೆಯ ಬಸ್ಸಿಗೆ ನಿಪ್ಪಾಣಿಗೆ ಬಂದರು. ದೊಡ್ಡ ಗಡಿಯಾರ ಕಂಡ ಅಂಗಡಿಗೇ ಜಕ್ಕಪ್ಪ ನುಗ್ಗಿದ. ಅದು ಲಕ್ಷಗಟ್ಟಲೆ ಬೆಲೆಯ ವಾಚು ಮಾರುವ 'ಘಟಿಕಾ' ಶೋರೂಮು ಎಂದು ಅವನಿಗೇನು ಗೊತ್ತು? ದುಂಡವ್ವ ಅವನ ಕೋಲು, ಚಪ್ಪಲಿ ಕಾಯುತ್ತ ಹೊರಗೆ ನಿಂತಳು.

"ಅರ್ಧ ತಾಸಿಗೆ ಒಳಗ ಗದ್ದಲ ಎದ್ದಿತು. ಗಂಡಸರು ಕಟ್ಟೂ ದೊಡ್ಡ ವಾಚ ಒಂದು ಕಳದೈತಂತ. ನನ್ನ ಗಂಡನ ರುಮಾಲು ಬಿಚ್ಚಿ ಝಾಡಿಸಿದ್ರು ಯಕ್ಕಾ, ಧೋತರ ಬಿಚ್ಚಿಸಿ ನೋಡಿದ್ರು. ಏನೂ ಸಿಗಲಿಲ್ಲ. ಆದ್ರೂ ಬಿಡವಲ್ರು. ಹೊರಗಿದ್ದ ನನ್ನ ಕೈಗೆ ದಾಟಿಸ್ಯಾನಂತ, ನಾಕರೊಳಗ ತಂದ ಕೊಡಬೇಕಂತ."

"ಊರಿಗೆ ಸುದ್ದಿ ಹೋತೇನು?"

ದುಂಡವ್ವ ತಲೆಯಾಡಿಸಿದಳು. "ನಮ್ಮೂರವ ಒಬ್ಬ ಅಲ್ಲೇ ನಿಂತಿದ್ದ, ಫೋನ್ ಹಚ್ಚಿದ. ನಮ್ಮ ಹಿಂಡಿನಾಗ ಹನ್ನೆರಡು ಮನಿ ಕುರಿ ಅದಾವ ಯಕ್ಕಾ. ನಂಬಿ ಬಿಟ್ಟಾರ. ಕಳ್ಳ ಅಂತಾದ್ರ ಯಾರ ಬಿಡ್ತಾರ? ಬೀರಪ್ಪನ ಭಂಡಾರ ಯಾರ ಹಚ್ಚಿಸ್ಕೋತಾರ?"

ಗೋಡೆಯ ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಶಿವಗಂಗವ್ವ ಎಲೆ ಅಡಿಕೆಯ ಚಂಚಿಯನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದಳು.

ಶೋರೂಮಿನ ಗಾಜಿನ ಬಾಗಿಲು ತಳ್ಳಿದಾಗ ತಂಪು ಗಾಳಿ ಮುಖಕ್ಕೆ ಬಡಿಯಿತು. ಕೋಟು ಹಾಕಿದ ತರುಣನೊಬ್ಬ ನಗುತ್ತ ಮುಂದೆ ಬಂದ. ಅವನ ಕಣ್ಣು ಮೊದಲು ಶಿವಗಂಗವ್ವನ ಸವೆದ ಚಪ್ಪಲಿಗೆ ಇಳಿಯಿತು, ಆಮೇಲೆ ಸೋನಾಲಿಯ ಪ್ಲಾಸ್ಟಿಕ್ ಚಪ್ಪಲಿಗೆ. ನಗೆ ಅಲ್ಲೇ ಆರಿತು.

"ಸೆಲ್ ಹಾಕಿಸೂದಿದ್ರ ಬಾಜೂಕಿನ ಗಲ್ಲಿಗೆ ಹೋಗ್ರಿ."

"ಸೆಲ್ ಚಲೋ ಐತಪಾ ನಂದು," ಎಂದಳು ಶಿವಗಂಗವ್ವ. "ನಿಮ್ಮ ಮಾಲಕರನ್ನ ಕರಿ. ಅವರಪ್ಪನ ವಖಾರಿ ಬಾಗಲದಾಕಿ ಬಂದಾಳ ಅನ್ನು."

ಮಾಲೀಕ ವಿರುಪಾಕ್ಷಪ್ಪ ಕೋಣೆಯಿಂದ ಓಡಿ ಬಂದ. ಚಿಕ್ಕವನಿದ್ದಾಗ ಅವಳ ಚಂಚಿಯಿಂದ ಅಡಿಕೆ ಕದ್ದು ತಿಂದವನು. "ಗಂಗವ್ವಾ, ನೀ ಯಾಕ ಬರಾಕ ಹೋದಿ? ಇದು ಹೊಲಸ ಕೆಲಸ. ನಮ್ಮ ಅಮಿತ ಹುಷಾರ ಅದಾನ, ಎಲ್ಲಾ ನೋಡ್ಕೋತಾನ. ಬಾಗಲದಾಗ ಕಾಲಿಟ್ಟ ಗಿರಾಕಿ ಎಂಥಾವ ಅನ್ನೂದು ಚಪ್ಪಲಿ ನೋಡೇ ಹೇಳ್ತಾನ."

"ಅದನ್ನ ಈಗ ನೋಡಿದೆ," ಎಂದಳು ಅವಳು.

ಹಿಂದಿನ ಸಾಮಾನಿನ ಕೋಣೆಯಲ್ಲಿ ಜಕ್ಕಪ್ಪ ನೆಲದ ಮೇಲೆ ಕೂತಿದ್ದ. ಬಿಚ್ಚಿದ ರುಮಾಲು ತೊಡೆಯ ಮೇಲೆ ಹೆಣದಂತೆ ಬಿದ್ದಿತ್ತು. ಬೋಳು ತಲೆ ಕಂಡು ಸೋನಾಲಿ ಕಣ್ಣು ತಗ್ಗಿಸಿದಳು. ಆ ವಯಸ್ಸಿನವರನ್ನು ರುಮಾಲಿಲ್ಲದೆ ಅವಳು ನೋಡಿಯೇ ಇರಲಿಲ್ಲ. ಆಗ ಕಂಡದ್ದು ಅವನ ಕೈ. ಹತ್ತೂ ಬೆರಳಿಗೆ ದೇವರ ಭಂಡಾರದ ಹಳದಿ ಹತ್ತಿತ್ತು. ಅವನು ಹಿಡಿದಿದ್ದ ರುಮಾಲಿನ ಅಂಚಿಗೂ ಅದೇ ಬಣ್ಣ.

"ಆ ದೊಡ್ಡ ವಾಚ ನೋಡಿದ್ಯಾ ಜಕ್ಕಪ್ಪಾ?"

"ನೋಡಿಲ್ಲ ಯವ್ವಾ." ದನಿ ಬಾವಿಯ ತಳದಿಂದ ಬಂದಂತಿತ್ತು. "ಅಂಗಡಿ ಹುಡಿಗಿ ಸಣ್ಣ ವಾಚ ಕೈಯಾಗ ಕೊಟ್ಟಿದ್ದಳು. ಮಗಳಿಗೆ ಚಲೋ ಆಗಲಿ ಅಂತ ಬೀರಪ್ಪನ ನೆನದು ಪಟ್ಟಿಗೆ ಭಂಡಾರ ಹಚ್ಚಿದೆ. ಆ ಕೋಟಿನವ ಬಂದು ಕಸಗೊಂಡ. ಹೊಲಸ ಮಾಡ್ದಿ ಅಂತ ಬೈದ. ಬೈಯೂದ ಮುಗದ ಮ್ಯಾಲ ಒಳಗ ಹೋದ. ಹತ್ತ ನಿಮಿಷಕ್ಕ ಹೊರಗ ಬಂದು, ಕಳ್ಳ ಅಂದ."

"ರುಮಾಲು ಸುತ್ತಿಕೋ."

"ಕಳ್ಳ ಅಲ್ಲ ಅನ್ನುತನ ಸುತ್ತಂಗಿಲ್ಲ. ನಾಕ ಹೊಡದ ಮ್ಯಾಲ ಇದ ರುಮಾಲು ಬ್ಯಾರೆ ಕೆಲಸಕ್ಕ ಆಗ್ತೈತಿ."

ದುಂಡವ್ವ ಬಾಯಿಗೆ ಸೆರಗು ತುರುಕಿಕೊಂಡಳು. ಶಿವಗಂಗವ್ವ ಬಗ್ಗಿ ರುಮಾಲು ಎತ್ತಿ ಸೋನಾಲಿಯ ಕೈಗಿಟ್ಟಳು. "ಇದು ನಿನ್ನ ಕಡೆ ಇರಲಿ. ಬಿಡಬ್ಯಾಡ." ಮೂರೂ ಕಾಲಾಗಿತ್ತು.

ಹೊರಗೆ ಆ ಕೋಟಿನ ಅಮಿತ ತನ್ನ ಕತೆ ಒಪ್ಪಿಸಿದ. ಐನಾಪುರದ ದ್ರಾಕ್ಷಿ ತೋಟದವರ ಮಗ ಸುರಜ ಬಂದಿದ್ದ. ಸೋಫಾದಲ್ಲಿ ಕೂರಿಸಿ, ಕಾಫಿ ಕೊಟ್ಟು, ಆ ವಾಚು ತೋರಿಸಿದ್ದಾಯಿತು. ಮುಂದಿನ ವಾರ ಬರುತ್ತೇನೆಂದು ಸುರಜ ಹೋದ. "ಆಮ್ಯಾಲೆ ಈ ಮುದಕ ನನಗೂ ಅದನ್ನ ತೋರಸು ಅಂದ. ಎಲ್ಲಾ ಗಿರಾಕಿನೂ ಒಂದ ನಮಗ. ಕೈಗವಸು ಹಾಕ್ಕೊಂಡ, ಟ್ರೇದಾಗ ಇಟ್ಟ ತೋರಿಸಿದೆ. ಮೂರ ಸಲ ಎತ್ತಿದ, ನನ್ನ ಕೈಯಾಗ ಕೊಟ್ಟ, ಮತ್ತ ಇಸಗೊಂಡ. ಫೋನ್ ಬಂತಂತ ತಿರುಗಿದೆ, ಅಷ್ಟರಾಗ ಮಾಯ."

"ಕ್ಯಾಮೆರಾ ಐತಲ್ಲ?"

"ಐತಿ," ಎಂದ ವಿರುಪಾಕ್ಷಪ್ಪ. "ಅಮಿತ ಎದುರಿಗೆ ನಿಂತದ್ದು ಕಾಣತೈತಿ. ಮುಂದ ಏನ ಇಟ್ಟಿತ್ತು ಕಾಣೂದಿಲ್ಲ, ಈತನ ಕಂಬಳಿ ಅಡ್ಡ ಬಂದೈತಿ."

"ಸೋಫಾದ ಕಡೆ?"

"ಅಲ್ಲಿ ಹಾಕಿಲ್ಲ. ದೊಡ್ಡ ಮಂದಿಗೆ ಸೇರೂದಿಲ್ಲ."

ಶಿವಗಂಗವ್ವ ಗಲ್ಲ ಕೆರೆದುಕೊಂಡಳು. ಇನ್ನೊಬ್ಬ ಕೆಲಸದಾಕೆ ಸೀಮಾ ಗೋಡೆಗಂಟಿ ನಿಂತಿದ್ದಳು. ಮೊದಲು ಮಾಲೀಕನ ಮುಖ ನೋಡಿದಳು, ಆಮೇಲೆ ಮಾತಾಡಿದಳು. ಸುರಜ ವಾಚು ಬಿಚ್ಚಿ ಅಮಿತನ ಕೈಗೆ ಕೊಟ್ಟದ್ದನ್ನು ಕಂಡಿದ್ದಳು. ಆಮೇಲೆ ಅಮಿತ, ಜಕ್ಕಪ್ಪನಿಗೆ ಸಣ್ಣ ವಾಚು ತೋರಿಸುತ್ತಿದ್ದ ಅವಳನ್ನು ಗದರಿ, ಸುರಜನ ಗಾಡಿಯವರೆಗೆ ಹೋಗಿ ಕೈಮುಗಿದು ಬರಲು ಕಳಿಸಿದ್ದ. ಸಣ್ಣ ವಾಚು ಅವಳ ಕಪಾಟಿನಲ್ಲೇ ಇತ್ತು. ತೆಗೆದು ತೋರಿಸಿದಳು. ಪಟ್ಟಿಯ ಮೇಲೆ ಹಳದಿ ಬೆರಳು ಮೂಡಿತ್ತು.

"ಒರಸು ಅಂದಿದ್ರು," ಎಂದಳು ಮೆಲ್ಲಗೆ. "ಒರಸಾಕ ಮನಸಾಗಲಿಲ್ರಿ."

ಶಿವಗಂಗವ್ವ ಟ್ರೇ ತರಿಸಿದಳು. ಬಿಳಿ ಮಖಮಲ್ಲು ಹೊದಿಸಿದ ಟ್ರೇ. ಅದರಲ್ಲೇ ಕೈಗವಸಿದ್ದವು, ಅವೂ ಬಿಳಿ. "ಅಂಗಡ್ಯಾಗ ಇವು ಒಂದ ಜೋಡೇನು?" "ಒಂದ," ಎಂದ ಮಾಲೀಕ. ಆಮೇಲೆ ಕೇಳಿದಳು, "ಈ ನಾಕ ಗಂಟೆ ಅನ್ನೂದು ಯಾರ ಮಾತು?"

"ಅಮಿತನ ಮಾತ. ವಯಸ್ಸಾದವ, ಪಾಪ, ನಾಕರತನ ಟೈಮ್ ಕೊಡೂಣ ಅಂದ."

ಆ ಹೊತ್ತಿಗೆ ಬಾಗಿಲು ತೆರೆದು ಕೊರಿಯರಿನವನು ಬಂದ. ರಿಪೇರಿಗೆ ಹೋಗುವ ವಾಚುಗಳ ಕವರು ಬಾಗಿಲ ಬದಿಯ ಬುಟ್ಟಿಯಲ್ಲಿ ಬೋರಲಾಗಿ ಬಿದ್ದಿದ್ದವು. ದಿನವೂ ನಾಲ್ಕಕ್ಕೆ ಬರುವವನು ಇವತ್ತು ಹತ್ತು ನಿಮಿಷ ಮೊದಲೇ ಬಂದಿದ್ದ. ಅವನು ಬುಟ್ಟಿ ಎತ್ತುವಾಗ ಸೋನಾಲಿಯ ಕಣ್ಣು ಅಲ್ಲಿ ನಿಂತಿತು. ಎಲ್ಲರೂ ದೊಡ್ಡವರು, ಅಂಗಡಿ ದೊಡ್ಡದು, ತಾನು ಬೀಡಿ ಸುತ್ತುವವಳು. ಕಂಕುಳಲ್ಲಿದ್ದ ರುಮಾಲು ಜಾರಿತು. ಅದನ್ನು ಬಿಗಿಯಾಗಿ ಹಿಡಿದುಕೊಂಡಳು.

"ಆಯಿ," ಎಂದಳು. ಯಾರಿಗೂ ಕೇಳಿಸಲಿಲ್ಲ. ಮತ್ತೆ ಕೂಗಿದಳು, "ಆಯಿ! ಆ ಕವರ!"

ಶಿವಗಂಗವ್ವ ತಿರುಗಿದಳು. "ಬುಟ್ಟಿ ಕೆಳಗ ಇಡಪಾ. ವಿರುಪಾಕ್ಷಿ, ಬಾಗಲ ಹಾಕು. ಜಕ್ಕಪ್ಪನ್ನ ಹೊರಗ ಕರಿ. ಸೋಫಾದ ಮ್ಯಾಲ ಕೂಡಸು."

"ಸೋಫಾದ ಮ್ಯಾಲ?" ಎಂದ ಅಮಿತ.

"ಯಾಕ, ಅದಕ ಕಾಲು ಮುರದಾವೇನು?"

ಎಲ್ಲರೂ ಸುತ್ತ ನೆರೆದರು. ಶಿವಗಂಗವ್ವ ಚಂಚಿಯಿಂದ ಸುಣ್ಣದ ಡಬ್ಬಿ ತೆಗೆದಳು.

"ಹಳದಿಗೆ ಸುಣ್ಣ ಹತ್ತಿದ್ರ ಕೆಂಪಾಗತೈತಿ. ಆರತಿ ನೀರ ಕಲಸಿದ ಹೆಣ್ಣಮಕ್ಕಳಿಗೆಲ್ಲಾ ಗೊತ್ತು. ಈಗ ನೋಡ್ರಿ." ಜಕ್ಕಪ್ಪನ ಬೆರಳಿಗೆ ಚೂರು ಸುಣ್ಣ ಒತ್ತಿದಳು. ಬೆರಳು ಕುಂಕುಮದಂತೆ ಕೆಂಪಾಯಿತು. "ಈ ಕೈ ಮುಟ್ಟಿದ್ದಕ್ಕೆಲ್ಲಾ ಗುರ್ತು ಬೀಳತೈತಿ. ರುಮಾಲಿಗೆ ಬಿದ್ದೈತಿ, ಸಣ್ಣ ವಾಚಿನ ಪಟ್ಟಿಗೆ ಬಿದ್ದೈತಿ. ಮೂರ ಸಲ ಈ ಟ್ರೇಕ್ಕ ಕೈ ಹಾಕ್ಯಾನಂತ, ಈ ಕೈಗವಸಿಗೆ ವಾಚ ಕೊಟ್ಟಾನಂತ." ಮಖಮಲ್ಲಿನ ಉದ್ದಕ್ಕೂ ಸುಣ್ಣ ಎಳೆದಳು. ಬಿಳಿ ಬಿಳಿಯಾಗೇ ಉಳಿಯಿತು. ಕೈಗವಸಿನ ಬೆರಳಿಗೆಲ್ಲ ಒತ್ತಿದಳು. ಅವೂ ಹಾಗೇ.

ವಿರುಪಾಕ್ಷಪ್ಪ ಟ್ರೇ ಎತ್ತಿ ಬೆಳಕಿಗೆ ಹಿಡಿದು ನೋಡಿದ.

"ಅಂದ್ರ ಈತಗ ಆ ವಾಚ ಯಾರೂ ತೋರಿಸಿಲ್ಲ. ಮಗಳಿಗಂತ ಬಂದವ ಗಂಡಸರ ವಾಚ ಯಾಕ ಕೇಳ್ತಾನ? ಕ್ಯಾಮೆರಾದಾಗ ಅಮಿತ ಎದುರಿಗೆ ನಿಂತಾನ, ಖರೆ. ಬೈಯಾಕ ನಿಂತಾನ. ಸುರಜ ಬಿಚ್ಚಿ ಕೊಟ್ಟಿದ್ದು ಸೀಮಾ ಕಂಡಾಳ. ಅಲ್ಲಿಂದ ಮುಂದ ವಾಚಿಗೆ ಸಾಕ್ಷಿ ಅಮಿತನ ಬಾಯಿ ಒಂದ. ಸೋಫಾದ ಕಡೆ ಕ್ಯಾಮೆರಾ ಇಲ್ಲ ಅನ್ನೂದು ಅವಗ ಗೊತ್ತು. ಸಂಜಿಮುಂದ ಕೆಲಸದವರ ಝಡತಿ ತಗೋತೀ ವಿರುಪಾಕ್ಷಿ, ಆದ್ರ ಕೊರಿಯರಿನ ಕವರ ಯಾವತ್ತರ ಬಿಚ್ಚಿಯೇನು? ನಾಕರೊಳಗ ಪೊಲೀಸರು ಬಂದ್ರ ಅಂಗಡಿ ಜಾಲಾಡ್ತಾರ. ನಾಕರ ಮ್ಯಾಲ ಬಂದ್ರ, ಕವರ ಹೋಗಿರ್ತೈತಿ. ದಯಾ ಅಲ್ಲ ಅದು." ಅವಳು ತಿರುಗಿದಳು. "ಸೋನಾಲಿ, ನೀ ಏನ ಕಂಡಿ, ಎಲ್ಲಾರಿಗೂ ಕೇಳೂಹಂಗ ಹೇಳು."

"ಕವರಿಗೆ ಹಚ್ಚಿದ ಟೇಪಿನ ಒಳಗ..." ಸೋನಾಲಿ ಬೆರಳು ಮಾಡಿ ತೋರಿಸಿದಳು. "ಹಳದಿ ಹೆಬ್ಬೆಟ್ಟ ಐತ್ರಿ."

ಪಾರದರ್ಶಕ ಟೇಪಿನ ಅಡಿಯಲ್ಲಿ ಅದು ಸಿಕ್ಕಿಬಿದ್ದಿತ್ತು. ಶಿವಗಂಗವ್ವ ಟೇಪು ಕಿತ್ತು, ಅಂಟಿನ ಬದಿಗೆ ಸುಣ್ಣ ತಾಗಿಸಿದಳು. ಹೆಬ್ಬೆರಳಿನ ಗುರುತು ನಿಧಾನಕ್ಕೆ ಕೆಂಪೇರಿತು.

"ಮುದಕನ ಕೈಯಾಗಿಂದ ಸಣ್ಣ ವಾಚ ಕಸಗೊಂಡಾಗ ಹತ್ತಿದ ಭಂಡಾರ. ಕವರ ಮುಚ್ಚೂ ಅವಸರದಾಗ ಕೈ ತೊಳಕೊಂಡಿಲ್ಲ. ಅಡ್ರೆಸ್ ಓದ ಸೋನಾಲಿ."

ಸೋನಾಲಿ ಕವರು ಮಗುಚಿದಳು. ಉಳಿದವೆಲ್ಲ ಸರ್ವಿಸ್ ಸೆಂಟರಿಗೆ ಹೋಗುವಂಥವು. ಇದರ ಮೇಲೆ ಮಾತ್ರ ಕೊಲ್ಹಾಪುರದ ಒಂದು ಮನೆಯ ವಿಳಾಸವಿತ್ತು. ಕೊನೆಗೆ ಅಮಿತನದೇ ಅಡ್ಡಹೆಸರು. ವಿರುಪಾಕ್ಷಪ್ಪ ಕವರು ಹರಿದ. ವಾಚು ಮೇಜಿನ ಮೇಲೆ ಬಿತ್ತು.

ಅಮಿತ ಕೋಟಿನ ಗುಂಡಿ ಬಿಚ್ಚುತ್ತ ಕುರ್ಚಿಗೆ ಕುಸಿದ. "ಆರ ವರ್ಷ ಆತು, ಇಂಥಾ ವಾಚ ಎಲ್ಲಾರ ಕೈಗೂ ಕಟ್ಟಾಕತ್ತಿ," ಎಂದ. "ಒಂದರ ನನಗ ಆಗಲಿ ಅಂತ... ಆ ಮುದಕನ ಮ್ಯಾಲ ಹಾಕಿದ್ರ ಯಾರೂ ಎರಡನೇ ಮಾತು ಕೇಳೂದಿಲ್ಲ ಅಂತ ಗೊತ್ತಿತ್ತು."

"ಅದ ಒಂದು ಮಾತು ಖರೆ ಹೇಳಿದಿ," ಎಂದು ಶಿವಗಂಗವ್ವ ಮಾಲೀಕನತ್ತ ನೋಡಿದಳು. "ನೀನೂ ಕೇಳಲಿಲ್ಲ."

ವಿರುಪಾಕ್ಷಪ್ಪ ಸಣ್ಣ ವಾಚನ್ನು ಡಬ್ಬಿಗೆ ಹಾಕಿ ಜಕ್ಕಪ್ಪನ ಮುಂದೆ ಹಿಡಿದ. "ರೊಕ್ಕ ಬ್ಯಾಡ್ರಿ. ತಗೋರಿ." ಜಕ್ಕಪ್ಪ ಅದನ್ನು ಮುಟ್ಟಲಿಲ್ಲ. ಸೋನಾಲಿ ಚಾಚಿದ ರುಮಾಲನ್ನೂ ಮುಟ್ಟಲಿಲ್ಲ.

"ಇಲ್ಲಿ ಬಿಚ್ಚಿದ್ದು ನಾಕ ಮಂದಿ ನೋಡ್ಯಾರ. ಊರಾಗ ಹನ್ನೆರಡು ಮನಿ ಕೇಳ್ಯಾವ."

ದುಂಡವ್ವನ ಫೋನು ಬಡಿದುಕೊಂಡಿತು. ಕೇಳಿಸಿಕೊಂಡು ಅವಳು ಗೋಡೆಗೆ ಹಣೆ ಹಚ್ಚಿದಳು. "ಏಳ ಮನ್ಯಾವರು ಕುರಿ ಬಿಡಿಸ್ಕೊಂಡ ಹೋದ್ರಂತ."

ಶಿವಗಂಗವ್ವ ವಿರುಪಾಕ್ಷಪ್ಪನ ಕಾರಿನ ಕೀಲಿಯನ್ನು ಮೇಜಿನಿಂದ ಎತ್ತಿ ಅವನ ಕೈಗಿಟ್ಟಳು. "ಕಳ್ಳ ಅಂದದ್ದು ನಿನ್ನ ಅಂಗಡಿ. ಅಲ್ಲ ಅನ್ನೂದೂ ನಿನ್ನ ಬಾಯಿಂದ ಬರಬೇಕು. ಈತನ್ನ ಮುಂದ ಕೂಡಸು."

ಬೇಡಕಿಹಾಳದ ಬೀರದೇವರ ಕಟ್ಟೆಯ ಮುಂದೆ ಜನ ಸೇರಿದಾಗ ಕಬ್ಬಿನ ಗದ್ದೆಗಳ ಮೇಲೆ ಬಿಸಿಲು ಇಳಿಯುತ್ತಿತ್ತು. ವಿರುಪಾಕ್ಷಪ್ಪ ಬೂಟು ಬಿಚ್ಚಿ ಮಣ್ಣಿನ ಮೇಲೆ ನಿಂತ. ತಪ್ಪು ನಮ್ಮದು, ಕದ್ದವನು ನಮ್ಮ ಕೆಲಸದವನು, ಈ ಹಿರಿಯರನ್ನು ನಾವು ಬಟ್ಟೆ ಬಿಚ್ಚಿಸಿ ನೋಡಿದೆವು ಎಂದು ಒಂದೊಂದೇ ಹೇಳಿದ. ಕೊನೆಯದನ್ನು ಹೇಳುವಾಗ ಅವನಿಗೆ ನೆಲ ಬಿಟ್ಟು ಬೇರೆ ಕಡೆ ನೋಡಲಾಗಲಿಲ್ಲ. ಜಕ್ಕಪ್ಪ ಬೋಳು ತಲೆಯಲ್ಲಿ ಕಂಬಕ್ಕೆ ಒರಗಿ ನಿಂತೇ ಇದ್ದ.

ಹಿಂದಿನಿಂದ ಲಕ್ಕವ್ವ ಎಂಬ ಮುದುಕಿ ಬಂದಳು. ಅವಳ ಮೂರು ಕುರಿ ಅವಳ ಹಿಂದೆಯೇ ಇದ್ದವು. ಮಧ್ಯಾಹ್ನ ಎಲ್ಲರಿಗಿಂತ ಮೊದಲು ಬಿಡಿಸಿಕೊಂಡವಳು ಅವಳೇ. ಜಕ್ಕಪ್ಪನ ಮುಂದೆ ನಿಂತು ಹಣೆ ಮುಂದೆ ಮಾಡಿದಳು.

"ಹಚ್ಚೋ ತಮ್ಮಾ. ನನ್ನ ಬಾಯಿ ಹಾಳಾಗಲಿ, ಕೇಳಿದ ಕೂಡಲೇ ನಂಬಿದೆ."

ಜಕ್ಕಪ್ಪನ ಕೈ ಭಂಡಾರದ ಚೀಲಕ್ಕಿಳಿಯಿತು. ಅವಳ ಹಣೆಯ ಮೇಲೆ ಹಳದಿ ಎಳೆಯಿತು. ಆಮೇಲೆ ಕುರಿ ಬಿಡಿಸಿಕೊಂಡಿದ್ದ ಇನ್ನಿಬ್ಬರು ಬಂದರು. ಉಳಿದ ನಾಲ್ಕು ಮನೆಯವರು ಹತ್ತಿರ ಬರಲೇ ಇಲ್ಲ. ದೂರದಲ್ಲಿ ನಿಂತು ನೋಡಿ, ತಮ್ಮ ಕುರಿ ಹೊಡೆದುಕೊಂಡು ಹೋದರು. ಜಕ್ಕಪ್ಪ ಅವು ಮರೆಯಾಗುವವರೆಗೂ ನೋಡಿದ.

ಆಮೇಲೆ ಸೋನಾಲಿಯ ಕಡೆ ತಿರುಗಿ ಕೈ ಚಾಚಿದ. ಅವಳು ರುಮಾಲು ಕೊಟ್ಟಳು. ಸುತ್ತು ಸುತ್ತಾಗಿ, ಅವಸರವಿಲ್ಲದೆ, ಎಲ್ಲರ ಮುಂದೆ ಕಟ್ಟಿಕೊಂಡ. ಕೊನೆಯ ತುದಿ ಸಿಕ್ಕಿಸುವಾಗ ಬಿಳಿ ಬಟ್ಟೆಯ ಮೇಲೆ ಹಳದಿ ಬೆರಳುಗಳು ಮೂಡಿದವು. ಅದನ್ನು ಯಾರೂ ಹೊಲಸು ಅನ್ನಲಿಲ್ಲ.