ಮೇಜು ಸಾಲದ ಹುಡುಕಾಟ

“ಎಂಟ್ಯಾಂಗಲ್‌ಮೆಂಟ್ ಇಲ್ಲದೇನೂ ಹುಡುಕಬಹುದು. ನಾನೇ ಹುಡುಕಿದ್ದೀನಿ!”

ಹಿಂದಿನ ಬೆಂಚಿನಿಂದ ಬಂದ ಆ ದನಿಗೆ ಇಡೀ ಸೆಮಿನಾರ್ ಹಾಲ್ ತಿರುಗಿ ನೋಡಿತು. ವೇದಿಕೆಯ ಮೇಲಿದ್ದ ಅವಳೂ ನೋಡಿದಳು. ಲೇಸರ್ ಲ್ಯಾಬಿನವನು! ಕಪ್ಪು ಕನ್ನಡಕವನ್ನು ಹಣೆಗೇರಿಸಿಕೊಂಡು, ಅವಳನ್ನೇ ನೋಡುತ್ತಾ ನಿಂತಿದ್ದ.



ಗೆಳತಿಯರ ಬಾಯಲ್ಲಿ ಅವಳು ‘ಪಿಸುಮಾತು’. ಅಂಥವಳು ಅಷ್ಟು ಜನರೆದುರು ನಿಂತು, ದೊಡ್ಡ ರಾಶಿಯಲ್ಲಿ ಅಡಗಿದ ಒಂದೇ ಒಂದು ಗುರುತನ್ನು ಕ್ವಾಂಟಮ್ ಕಂಪ್ಯೂಟರ್ ಹೇಗೆ ಬೇಗ ಹುಡುಕುತ್ತದೆ, ಅದಕ್ಕೆ ಅದರೊಳಗಿನ ಕ್ಯೂಬಿಟ್ ಎಂಬ ಪುಟ್ಟ ಘಟಕಗಳು ಒಂದಕ್ಕೊಂದು ಹೆಣೆದುಕೊಂಡಿರುವುದು, ಅಂದರೆ ಎಂಟ್ಯಾಂಗಲ್‌ಮೆಂಟ್, ಏಕೆ ಬೇಕು ಎಂದು ವಿವರಿಸಿದ್ದೇ ದೊಡ್ಡದು. ಅವನು ಮತ್ತೇನೋ ಹೇಳಲು ಬಾಯ್ತೆರೆದ... ಅಷ್ಟರಲ್ಲಿ ಅವಳು ಲ್ಯಾಪ್‌ಟಾಪ್ ಬಾಚಿಕೊಂಡು ಹೊರಗೋಡಿದ್ದಳು!

ಸಂಜೆ ಪಿಎಚ್.ಡಿ. ಗೈಡ್ ಮೇಡಂ ಕರೆದರು. “ಪ್ರಬಂಧದಿಂದ ಆ ಎಂಟ್ಯಾಂಗಲ್‌ಮೆಂಟ್ ಅಧ್ಯಾಯ ತೆಗೆದುಬಿಡಮ್ಮ. ಪರೀಕ್ಷಕರೂ ಅದನ್ನೇ ಕೇಳಿದ್ರೆ?”

ಆ ಅಧ್ಯಾಯ ಹೋದರೆ ಪ್ರಬಂಧದಲ್ಲಿ ಅವಳದು ಎನ್ನುವುದು ಏನೂ ಉಳಿಯುತ್ತಿರಲಿಲ್ಲ. ಆದರೂ ತಲೆಯಾಡಿಸಿ ಬಂದಳು.

“ತಲೆಯಾಡಿಸಿದ್ಯಾ?” ಫೋನಿನಲ್ಲಿ ಅಕ್ಕ ಕಿಡಿಕಿಡಿಯಾದಳು. “ಚಿಕ್ಕವಳಿದ್ದಾಗ ಕಿಟಕಿ ಪಕ್ಕದ ಸೀಟಿಗೆ ನನ್ನ ಜುಟ್ಟು ಹಿಡಿದು ಜಗಳ ಆಡ್ತಿದ್ಯಲ್ಲ, ಆ ರಾಕ್ಷಸಿ ಎಲ್ಲಿ ಹೋದ್ಲೇ?”

ಎಲ್ಲೂ ಹೋಗಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಮೇಡಂ ಬಾಗಿಲಲ್ಲಿ ನಿಂತಿದ್ದಳು. “ಅಧ್ಯಾಯ ತೆಗೆಯಲ್ಲ ಮೇಡಂ. ಲೇಸರ್ ಲ್ಯಾಬಿಗೆ ಬನ್ನಿ. ಯಾಕೆ ಅಂತ ಅಲ್ಲೇ ತೋರಿಸ್ತೀನಿ.”

ಲ್ಯಾಬಿನ ಮೇಜಿನ ತುಂಬ ಪುಟ್ಟ ಪುಟ್ಟ ಕನ್ನಡಿಗಳು. ಹುಡುಕಬೇಕಾದ ಹದಿನಾರು ಜಾಗಗಳಿಗೆ ಬೆಳಕಿನ ಹದಿನಾರು ದಾರಿ. ಅವನು ಸ್ವಿಚ್ ಒತ್ತಿದ. ಗುರುತಿಟ್ಟ ದಾರಿಯೊಂದೇ ಝಗ್ಗೆಂದಿತು, ಉಳಿದವು ಮಂಕಾದವು.

“ಸಿಕ್ತಲ್ಲ! ಹೆಣಿಗೆಯ ಹಂಗೇ ಇಲ್ಲ,” ಎಂದರು ಮೇಡಂ.

“ಎಷ್ಟು ಸಲ ಹುಡುಕಬೇಕು ಅನ್ನೋದು ಇದರಲ್ಲೂ ಕ್ವಾಂಟಮ್ ಕಂಪ್ಯೂಟರಿನಲ್ಲೂ ಅಷ್ಟೇ, ಒಪ್ತೀನಿ.” ಅವಳ ದನಿ ನಡುಗಿತು, ಆದರೆ ನಿಲ್ಲಲಿಲ್ಲ. “ಈಗ ಜಾಗ ಎರಡರಷ್ಟು ಮಾಡಿ, ನೋಡೋಣ!”

“ಪಕ್ಕದ ಮೇಜೂ ಬೇಕಾಗುತ್ತೆ,” ಎಂದ ಅವನು.

“ಮತ್ತೆ ಎರಡರಷ್ಟು!”

“ಈ ರೂಮು ಸಾಲಲ್ಲ.”

“ಮತ್ತೆ!”

“ಮೇಡಂ ರೂಮನ್ನೂ ಖಾಲಿ ಮಾಡಿಸ್ಬೇಕು...”

ಮೇಡಂ ನಕ್ಕೇಬಿಟ್ಟರು. ಅವಳು ಮಾತ್ರ ನಗಲಿಲ್ಲ. “ನನಗೆ ಪ್ರತಿ ಸಲ ಇನ್ನೊಂದೇ ಒಂದು ಕ್ಯೂಬಿಟ್ ಸಾಕು. ಆದ್ರೆ ಅವು ಬಿಡಿಬಿಡಿಯಾಗಿದ್ರೆ ಆಗಲ್ಲ, ಹೆಣೆದುಕೊಂಡಿರಬೇಕು. ಎಂಟ್ಯಾಂಗಲ್‌ಮೆಂಟ್ ಇದ್ರೆ ಈ ಕನ್ನಡಿ ಸಂತೆ ಬೇಡ!”

“ಅಧ್ಯಾಯ ಇರಲಿ,” ಎಂದು ಮೇಡಂ ಬಾಗಿಲತ್ತ ನಡೆದರು. “ಪರೀಕ್ಷಕರನ್ನೂ ಹೀಗೇ ಗದರಿಸು.”

ಬಾಗಿಲು ಮುಚ್ಚಿತು. ಅವಳು ಅವನತ್ತ ತಿರುಗಿದಳು. “ನಿಮಗೆ ಇದೆಲ್ಲ ಮೊದಲೇ ಗೊತ್ತಿತ್ತು!”

“ಮೇಜು ತುಂಬಿದ ದಿನಾನೇ ಗೊತ್ತಾಯ್ತು. ನಿನ್ನೆ ಅದನ್ನೇ ಹೇಳೋಕೆ ಹೊರಟಿದ್ದೆ... ನೀವು ಓಡಿಬಿಟ್ರಿ. ಮೇಡಂಗೆ ಇವತ್ತು ನಾನೇ ಹೇಳೋಣ ಅಂತ...”

“ನನ್ನ ಮಾತು ನಾನೇ ಆಡ್ತೀನಿ.”

“ನೋಡಿದ್ನಲ್ಲ!” ಅವನ ಕಣ್ಣುಗಳು ಮಿನುಗಿದವು. “ನೀವು ಮಾತಾಡೋ ಸೆಮಿನಾರ್ ಒಂದನ್ನೂ ನಾನು ಬಿಟ್ಟಿಲ್ಲ. ಯಾಕೆ ಅಂತ ಯಾವತ್ತಾದ್ರೂ ಯೋಚಿಸಿದ್ರಾ?”

“ಬಿಸ್ಕೆಟ್ ಕೊಡ್ತಾರಲ್ಲ, ಅದಕ್ಕೆ.”

“ಆ ಬಿಸ್ಕೆಟ್ ಮೆತ್ತಗಾಗಿರುತ್ತೆ ಕಣ್ರೀ...” ಅವನ ದನಿಯೂ ಮೆತ್ತಗಾಯಿತು. “ನಿಮಗೋಸ್ಕರ.”

ಅವಳ ಕೆನ್ನೆ ಬಿಸಿಯಾಯಿತು. ಓಡಿಬಿಡಲೇ?

ಇಲ್ಲ. ಈ ಸಲ ಇಲ್ಲ!

“ಒಂದು ಶರತ್ತು,” ಎಂದಳು. “ಇನ್ಮೇಲೆ ಹಿಂದಿನ ಬೆಂಚಲ್ಲಿ ಕೂರಬಾರದು. ಮುಂದೆ ಕೂತು ಪ್ರಶ್ನೆ ಕೇಳಿ.”

“ಅರ್ಧಂಬರ್ಧ ಪ್ರಶ್ನೆ ಕೇಳಿದ್ರೆ?”

“ಜಗಳ ಆಡ್ತೀನಿ.”

“ಎಲ್ಲೀವರೆಗೆ?”

“ಜೀವನಪೂರ್ತಿ!” ಎಂದಳು ಪಿಸುಮಾತು, ಹೊರಗಿನ ಕಾರಿಡಾರಿಗೂ ಕೇಳುವಷ್ಟು ಜೋರಾಗಿ. “ಮತ್ತೆ... ಕಿಟಕಿ ಪಕ್ಕದ ಸೀಟು ಯಾವಾಗ್ಲೂ ನನ್ನದು!”