ತೊಟ್ಟಿಯ ತಳದಲ್ಲಿ ಒಕ್ಕಣ್ಣ

ಒಕ್ಕಣ್ಣನನ್ನು ಕಂಡುಹಿಡಿದವನು ವಸ್ತುಸಂಗ್ರಹಾಲಯದಲ್ಲಿ ನಾಣ್ಯ ತೊಳೆಯುವ ಅವನು. ಒಡಕು ಗುಂಡಿ, ಮುರುಕು ಮೊಳೆಗಳ ಡಬ್ಬಿಯಲ್ಲಿ ಬಿದ್ದಿದ್ದ ತಾಮ್ರದ ನಾಣ್ಯವನ್ನು ಎತ್ತಿ, ಎರಡು ತಿಂಗಳು ಸೂಜಿಮೊನೆಯಿಂದ ಕಿಲುಬು ಕೆರೆದು, ಸವೆದು ಒಂದೇ ಕಣ್ಣು ಉಳಿದಿದ್ದ ರಾಜನ ಮುಖವನ್ನು ಹೊರತೆಗೆದಿದ್ದ. ಅಂಥದ್ದು ಪ್ರಪಂಚದಲ್ಲಿ ಇನ್ನೊಂದಿಲ್ಲ. ಆದರೆ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯ ಮೇಲೆ ‘ಶೋಧಿಸಿದವರು’ ಎಂದು ನಿರ್ದೇಶಕರ ಹೆಸರಿತ್ತು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಒಡೆಯ! ಕೇಳಿದ್ದಕ್ಕೆ ಅವರು ಬೆನ್ನು ತಟ್ಟಿ, “ನೀನು ತೊಳೆದೆ ಕಣಯ್ಯ, ಗುರುತು ಹಿಡಿದೋನು ನಾನು,” ಎಂದು ನಕ್ಕಿದ್ದರು. ಅವತ್ತು ಹೊಟ್ಟೆಗೆ ಬಿದ್ದ ಬೆಂಕಿ ಆರಲೇ ಇಲ್ಲ.

ನಾಣ್ಯ ತನಗೆ ಸಿಗಬೇಕು, ಕಳ್ಳನೆಂಬ ಹೆಸರು ನಿರ್ದೇಶಕರಿಗೆ ಅಂಟಬೇಕು. ಕದಿಯುವುದು ಸುಲಭ, ಪೆಟ್ಟಿಗೆಯ ಬೀಗದಕೈ ಇದ್ದದ್ದು ಅವನ ಮತ್ತು ನಿರ್ದೇಶಕರ ಹತ್ತಿರ ಮಾತ್ರ. ಕಷ್ಟವಿದ್ದದ್ದು ಹೊರಬಾಗಿಲಲ್ಲಿ. ಕಾವಲಿನಾಕೆ ಲೋಹ ಪತ್ತೆಯ ಕೋಲನ್ನು ಸ್ವಂತ ಗಂಡನ ಮೇಲೂ ಆಡಿಸದೆ ಬಿಡುವವಳಲ್ಲ. ಗಲಾಟೆ ತಣ್ಣಗಾಗುವವರೆಗೆ ನಾಣ್ಯ ಒಳಗೇ ಇರಬೇಕು, ಮುಂಗೋಣೆಯ ಮೀನಿನ ತೊಟ್ಟಿಯಲ್ಲಿ, ಎಲ್ಲರ ಕಣ್ಣೆದುರಿಗೆ. ಆಮೇಲೆ ತೊಟ್ಟಿಯ ಪಂಪು ಕೆಡಿಸಿ, ಅದರೊಳಗೆ ಇಟ್ಟು ರಿಪೇರಿಗೆಂದು ಒಯ್ಯಬಹುದು. ಕೋಲು ಕೂಗಿದರೆ ಪಂಪು ತೋರಿಸಿದರಾಯಿತು.

ಆದರೆ ಅದು ಸಿಹಿನೀರಿನ ತೊಟ್ಟಿ. ಗುಡಿಸುವಾಕೆ ವಾರಕ್ಕೊಮ್ಮೆ ಮೊಣಕೈವರೆಗೆ ಕೈ ಹಾಕಿ ಪಾಚಿ ಕೀಳುತ್ತಿದ್ದಳು. ಅವನು ನಿರ್ದೇಶಕರ ಕಿವಿ ಊದಿದ. “ಉಪ್ಪುನೀರು ಮಾಡೋಣ ಸಾರ್. ಸಮುದ್ರದ ಮೀನಿನ ಬಣ್ಣಾನೇ ಬೇರೆ. ಯಾರೂ ಕೈ ಹಾಕಬಾರ್ದು ಅಷ್ಟೆ, ಮೀನು ಸಾಯ್ತವೆ.”

ನಿರ್ದೇಶಕರು ಕುಣಿದು ಒಪ್ಪಿದರು. ಹಳೆಯ ಮೀನುಗಳು ಗುಡಿಸುವಾಕೆಯ ಮನೆ ಸೇರಿದವು. ಗಿಡ, ಜಲ್ಲಿ ಹೊರಬಿದ್ದವು. ವಾರದ ರಜೆಯ ದಿನ ಒಬ್ಬನೇ ಕೂತು ಗಾಜನ್ನು ವಿನೆಗರಿನಲ್ಲಿ ಉಜ್ಜಿ ತೊಳೆದ. ಹವಳದ ಮರಳು ಹರಡಿ, ತೂತು ತೂತಾದ ಸಮುದ್ರದ ಕಲ್ಲು ಜೋಡಿಸಿದ. ಅದೇ ದಿನ ತಾನೇ ಎರಕ ಹೊಯ್ದ ನಕಲನ್ನು ಪೆಟ್ಟಿಗೆಯಲ್ಲಿಟ್ಟು ಒಕ್ಕಣ್ಣನನ್ನು ಎತ್ತಿಕೊಂಡ. ಉಪ್ಪು ತಾಮ್ರವನ್ನು ಹೇಗೆ ತಿನ್ನುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಾಣ್ಯಕ್ಕೆ ದಪ್ಪನೆಯ ಮೇಣ ಬಳಿದು, ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ, ದೊಡ್ಡ ಕಲ್ಲಿನ ಬುಡದಲ್ಲಿ ಹೂತ. ಉಪ್ಪು ಬೆರೆಸಿದ ನೀರನ್ನು ಮಾಪಕದಲ್ಲಿ ಅಳೆದಳೆದು ತುಂಬಿದ. ತಿಂಗಳಾದ ಮೇಲೆ, ನೀರು ಹದಕ್ಕೆ ಬಂದಾಗ, ಮೀನು ಬಿಟ್ಟ.

ಬೇರೆ ಊರಿನಿಂದ ಬಂದ ಪಂಡಿತರೊಬ್ಬರು ನಾಣ್ಯವನ್ನು ಅಂಗೈಯಲ್ಲಿಟ್ಟು ನೋಡಿ, “ಇದು ನಕಲಿ,” ಎಂದುಬಿಟ್ಟರು. ಪೊಲೀಸರು ಬಂದರು. ಅದಕ್ಕೂ ಮೊದಲು ನಾಣ್ಯವನ್ನು ಕಡೆಯದಾಗಿ ಪೆಟ್ಟಿಗೆಯಿಂದ ಹೊರತೆಗೆದದ್ದಕ್ಕೆ ದಾಖಲೆ ಪುಸ್ತಕದಲ್ಲಿದ್ದ ಸಹಿ ನಿರ್ದೇಶಕರದು. ಅದರ ಒಳ್ಳೆಯ ಫೋಟೊ ತೆಗೆಸಿ ಎಂದು ಅವರ ತಲೆಯಲ್ಲಿ ಹುಳ ಬಿಟ್ಟವನು ಅವನೇ. ಬೀರು, ಮೇಜು, ಮನೆಗಳನ್ನೆಲ್ಲ ಜಾಲಾಡಿದರು. ಅಧಿಕಾರಿ ತೊಟ್ಟಿಯ ಗಾಜಿಗೆ ಮೂಗು ತಾಗಿಸಿ ನಿಂತ. ಕಿತ್ತಳೆ ಮೀನು ನೋಡಿ ನಕ್ಕು ಹೋದ.

“ಉಪ್ಪು ತಿಂದೋರು ನೀರು ಕುಡೀಲೇಬೇಕು ಬಿಡಿ,” ಎಂದಳು ಕಾವಲಿನಾಕೆ, ನಿರ್ದೇಶಕರ ಕೋಣೆಯತ್ತ ಕಣ್ಣು ಹೊರಳಿಸಿ. ಅವನೂ ನಿಟ್ಟುಸಿರುಬಿಟ್ಟು ತಲೆಯಾಡಿಸಿದ. ಶುಕ್ರವಾರದ ಸಭೆಯಲ್ಲಿ ನಿರ್ದೇಶಕರ ಕೆಲಸ ಹೋಗುವುದಿತ್ತು. ಶನಿವಾರ ಪಂಪು ಕೆಡುವುದಿತ್ತು.

ಮುಖ ಇಳಿದುಹೋದ ನಿರ್ದೇಶಕರು ದಿನವಿಡೀ ತೊಟ್ಟಿಯ ಮುಂದೆ ಕೂರತೊಡಗಿದರು. ಮನಸ್ಸಿನ ಸಮಾಧಾನಕ್ಕೆಂದು ಆರು ಸಿಗಡಿ ತಂದು ಬಿಟ್ಟರು. ಬಿಡಲಿ ಪಾಪ, ಇನ್ನೆಷ್ಟು ದಿನ, ಎಂದುಕೊಂಡ ಅವನು.

ಗುರುವಾರ ಬೆಳಿಗ್ಗೆ ಸಿಗಡಿಗಳೆಲ್ಲ ಸತ್ತು ಬಿದ್ದಿದ್ದವು. ನಿರ್ದೇಶಕರು ಸಾಕುಮೀನು ಮಾರುವ ಅಂಗಡಿಯವನನ್ನು ಕರೆಸಿದರು. ಅಂಗಡಿಯವನು ಸೀಸೆಯಲ್ಲಿ ತೊಟ್ಟಿಯ ನೀರು ಹಿಡಿದು, ಯಾವುದೋ ದ್ರಾವಣದ ನಾಲ್ಕು ಹನಿ ಬಿಟ್ಟು ಅಲ್ಲಾಡಿಸಿದ. ನೀರು ನೀಲಿಗೆ ತಿರುಗಿತು. “ಮೀನು ಚೆನ್ನಾಗಿವೆ, ಸಿಗಡಿ ಮಾತ್ರ ಸತ್ವು ಅಂದಾಗ್ಲೇ ಅಂದ್ಕೊಂಡೆ ಸಾರ್. ಒಂಚೂರಿದ್ರೂ ಅವಕ್ಕೆ ವಿಷ. ಇದರೊಳಗೆ ಎಲ್ಲೋ ತಾಮ್ರ ಇದೆ.” ನಿರ್ದೇಶಕರು ಪಕ್ಕದಲ್ಲಿ ನಿಂತಿದ್ದ ನಾಣ್ಯ ತೊಳೆಯುವವನ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಅಂಗಿಯ ತೋಳು ಮಡಿಸಿ, ನೀರಿಗೆ ಕೈಯಿಳಿಸಿ, ದೊಡ್ಡ ಕಲ್ಲನ್ನು ಹಿಡಿದರು. ಸುಳ್ಳು, ಸಾಧ್ಯವೇ ಇಲ್ಲ, ಎಂದು ಅವನ ಮನಸ್ಸು ಕೂಗಿತು. ಅಷ್ಟು ಮೇಣ ದಾಟಿ ಒಕ್ಕಣ್ಣನಿಂದ ಒಂದು ಕಣವೂ ಹೊರಬಂದಿರಲಾರದು. ಕಲ್ಲು ನೀರಿನಿಂದ ಮೇಲೆದ್ದಾಗ ಅದರ ಬುಡಕ್ಕೆ ಪೊಟ್ಟಣ ನೇತಾಡುತ್ತಿತ್ತು, ಅಲುಗಾಡದಿರಲೆಂದು ಅವನೇ ತನ್ನ ಮೇಜಿನ ಸುರುಳಿಯಿಂದ ಕತ್ತರಿಸಿ ಬಿಗಿದಿದ್ದ ಗೇಣುದ್ದದ ತಂತಿಯಲ್ಲಿ. ತಂತಿ ತಾಮ್ರದ್ದು.