ಮೂರುದೋಣಿ ಊರಿನ ಗಂಟುಹಗ್ಗ

ಬಹಳ ಹಿಂದಿನ ಮಾತು. ಭೂಮಿಯ ನೆತ್ತಿಯ ಹತ್ತಿರ ಹಿಮಾವರ ಎಂಬ ರಾಜ್ಯವಿತ್ತು. ಅದರ ತುತ್ತತುದಿಯಲ್ಲಿ, ಬಿಳಿಹೊಳೆ ಕಡಲು ಸೇರುವುದಕ್ಕೆ ಸ್ವಲ್ಪ ಮುಂಚೆ, ಮೂರುದೋಣಿ ಎಂಬ ಪುಟ್ಟ ಊರು. ನಲವತ್ತೊಂದು ಮನೆ, ಅರವತ್ತು ದೋಣಿ, ಊರ ತುಂಬ ನಾಯಿಗಳು. ವರ್ಷದಲ್ಲಿ ಎಂಟು ತಿಂಗಳು ಹೊಳೆ ಹೆಪ್ಪುಗಟ್ಟಿ ಕಲ್ಲಾಗಿರುತ್ತಿತ್ತು. ಬೇಸಗೆಯಲ್ಲಿ ಸೂರ್ಯ ಮುಳುಗುವುದನ್ನೇ ಮರೆತು ಆಕಾಶದಲ್ಲಿ ಸುತ್ತು ಹೊಡೆಯುತ್ತಿದ್ದ. ರಾಜ ಒಂದೇ ಒಂದು ಸಲ ಆ ಕಡೆ ಬಂದಿದ್ದ. ನೆಗಡಿ ಹಿಡಿಸಿಕೊಂಡು ಹೋದವನು ಮತ್ತೆ ತಲೆ ಹಾಕಲಿಲ್ಲ. ಅರಮನೆಯ ನಕ್ಷೆಯಲ್ಲಿ ಬಿಳಿಹೊಳೆ ಅಂದರೆ ಒಂದು ನೆಟ್ಟನೆಯ ಗೆರೆ, ಅಷ್ಟೇ. ಬೆಂಕಿ ಕಾಯಿಸಿಕೊಳ್ಳುತ್ತ ಬರೆದ ನಕ್ಷೆ ಇನ್ನು ಹೇಗಿದ್ದೀತು!

ಊರಿನವರ ಹತ್ತಿರ ನಿಜವಾದ ನಕ್ಷೆ ಇತ್ತು. ಅದು ಒಂದು ಹಗ್ಗ. ಸುತ್ತಿಟ್ಟರೆ ಒಂದು ಬುಟ್ಟಿಯಲ್ಲಿ ಕೂರುತ್ತಿತ್ತು, ಬಿಚ್ಚಿದರೆ ಹೊಳೆಯಷ್ಟೇ ಉದ್ದವಾಗುತ್ತಿತ್ತು. ಹೊಳೆಯ ಒಂದೊಂದು ತಿರುವಿಗೂ ಒಂದು ದಪ್ಪ ಗಂಟು. ನಡುನಡುವೆ ವರ್ಷಕ್ಕೊಂದು ಸಣ್ಣ ಗಂಟು. ಮಂಜುಗಡ್ಡೆ ಒಡೆಯುವ ದಿನ ಊರೆಲ್ಲ ಸೇರಿ ಆ ವರ್ಷದ ಗಂಟು ಹಾಕುತ್ತಿದ್ದರು. ಹಗ್ಗ ಕಾಯುತ್ತಿದ್ದವಳು ತೂವಾ ಅಜ್ಜಿ. ಅವಳ ಮೊಮ್ಮಗಳು ನೀಲ್ಮಾ ಬೆರಳಾಡಿಸಿಯೇ ಊರಿನ ಕತೆಯನ್ನೆಲ್ಲ ಓದುತ್ತಿದ್ದಳು. ಒಂದು ಕಡೆ ಮಾತ್ರ ಗೇಣುದ್ದ ಹಗ್ಗ ನುಣ್ಣಗಿತ್ತು. ಅಲ್ಲಿಗೆ ಬಂದಾಗಲೆಲ್ಲ ಅಜ್ಜಿ, "ಅಲ್ಲೇನೂ ಇಲ್ಲ, ಮುಂದೆ ಹೋಗು" ಎಂದು ಅವಸರ ಮಾಡುತ್ತಿದ್ದಳು.

ಊರಿಗೆ ಇನ್ನೊಂದು ಪದ್ಧತಿಯಿತ್ತು. ಹಿಮಗಾಳಿ ಬೀಸಿದಾಗ ಮನೆಯಿಂದ ಮನೆಗೆ ಹಗ್ಗ ಕಟ್ಟುತ್ತಿದ್ದರು. ಕೊನೆಯ ಹಗ್ಗ ಹೊಳೆದಂಡೆಯ ಗಂಟೆಕಂಬಕ್ಕೆ. ದಾರಿ ತಪ್ಪಿ ಬಂದವರು ಗಂಟೆ ಬಾರಿಸಿ, ಹಗ್ಗ ಹಿಡಿದು, ಬೆಚ್ಚಗಿನ ಮನೆ ಸೇರಬೇಕು.

ಒಂದು ವರ್ಷ ಬೇಸಗೆ ಬಂತು, ಸೂರೆಲ್ಲ ತೊಟ್ಟಿಕ್ಕಿತು, ಹೊಳೆ ಮಾತ್ರ ಕರಗಲಿಲ್ಲ. ಹೊಳೆ ಕರಗದಿದ್ದರೆ ಮೀನಿಲ್ಲ. ಮೀನಿಲ್ಲದಿದ್ದರೆ ಊರೇ ಇಲ್ಲ. ಆಗ ಬಿಳಿ ಕಾಗೆಯೊಂದು ಗಂಟೆಕಂಬದ ಮೇಲೆ ಕೂತು ಕೂಗಿತು: "ಹೊಳೆಯ ಮೂಲದಲ್ಲಿರುವ ಹಿಮಮಾಂತ್ರಿಕನ ಮಾತು ಕೇಳಿ! ದಾರಿಯಲ್ಲಿ ಮೂರು ಪ್ರಶ್ನೆಗಳಿವೆ. ಸುತ್ತು ಹೊಡೆಯುವ ಸೂರ್ಯ ಕೆಳಗಿಳಿದು ಬೆಟ್ಟ ಮುಟ್ಟುವುದರೊಳಗೆ ಉತ್ತರ ಬರದಿದ್ದರೆ ಹೊಳೆ ಎಂದೆಂದಿಗೂ ಕಲ್ಲು!"

ಉತ್ತರ ಹೇಳಲು ತಾನೇ ಹೊರಟ ನೀಲ್ಮಾ ಗಂಟುಹಗ್ಗದ ಒಂದು ತುದಿಯನ್ನು ಗಂಟೆಕಂಬಕ್ಕೆ ಕಟ್ಟಿದಳು. ಹಗ್ಗ ಊರು ಬಿಟ್ಟು ಹೋಗುವಾಗ ಹಾಗೆ ಕಟ್ಟುವುದು ವಾಡಿಕೆ. ಜಾರುಬಂಡಿಗೆ ನಾಯಿ ಹೂಡಿ ತಿರುಗಿ ನೋಡಿದರೆ ಅಜ್ಜಿ ಆಗಲೇ ಬಂಡಿಯಲ್ಲಿ ಕೂತಿದ್ದಳು.

"ಅಜ್ಜೀ, ನಿನಗೆ ಮಂಡಿನೋವು. ಇಳಿ."

"ಮಂಡಿ ಎಳೆಯುತ್ತಾ ಬಂಡೀನ? ನಾಯಿ ಎಳೆಯುತ್ತೆ. ನಡಿ ಸುಮ್ಮನೆ."

ಹಿಂದೆ ಹಗ್ಗ ಬಿಚ್ಚಿಕೊಳ್ಳುತ್ತ ಬಂಡಿ ಓಡಿತು. ಮೊದಲ ತಿರುವಿನಲ್ಲಿ ಮನೆಯಷ್ಟೆತ್ತರದ ಬಿಳಿ ಕರಡಿ ಅಡ್ಡ ಕೂತಿತ್ತು.

"ನಿಮ್ಮ ಊರಿಗೆ ಮೊದಲು ಬಂದವರು ಯಾರು? ತಪ್ಪು ಹೇಳಿದರೆ ನೀವೇ ನನ್ನ ಊಟ."

ನೀಲ್ಮಾಳ ಬೆರಳಿಗೆ ಒತ್ತಾಗಿ ಮೂರು ಗಂಟು ಸಿಕ್ಕವು. "ಮೂವರು ಅಕ್ಕತಂಗಿಯರು, ಮೂರು ದೋಣಿಯಲ್ಲಿ. ಈ ತಿರುವಿನಲ್ಲಿ ದೊಡ್ಡಕ್ಕನ ದೋಣಿ ಒಡೆಯಿತು. ಅವಳನ್ನು ಬಿಟ್ಟು ಮುಂದೆ ಹೋಗಲು ತಂಗಿಯರು ಒಪ್ಪಲಿಲ್ಲ. ಹಾಗೆ ಊರಾಯಿತು."

"ಸರಿ" ಎಂದು ಕರಡಿ ದಾರಿ ಬಿಟ್ಟಿತು. ಅಜ್ಜಿ ಅದಕ್ಕೊಂದು ಒಣಮೀನು ಎಸೆದಳು.

ಮುಂದೆ ಹೊಳೆ ಕವಲಾಗುವಲ್ಲಿ ಮಂಜುಗಡ್ಡೆಯ ಕೊಂಬಿನ ಸಾರಂಗ ನಿಂತಿತ್ತು.

"ಮೂಲಕ್ಕೆ ಹೋಗುವ ಕವಲು ಯಾವುದು? ತಪ್ಪು ಹೇಳಿದರೆ ಈ ಕೊಂಬಿನಲ್ಲಿ ಎತ್ತಿ ಎಸೆಯುತ್ತೇನೆ."

ಬೆರಳಿಗೆ ಸಿಕ್ಕುಸಿಕ್ಕಾದ ಗಂಟೊಂದು ತಾಗಿತು. ನೀಲ್ಮಾ ನಕ್ಕಳು. "ಬಲಗಡೆಯದು. ಎಡಗಡೆಯದು ಬರೀ ಜೌಗು. ಹಿಂದೆ ಹನ್ನೊಂದು ಜನ ಬುದ್ಧಿವಂತರು ಎಡಕ್ಕೆ ಹೋಗಿ, ಬೇಸಗೆಯೆಲ್ಲ ಸೊಳ್ಳೆಗೆ ಊಟ ಹಾಕಿ ಬಂದರು."

"ಸರಿ" ಎಂದು ಸಾರಂಗವೂ ದಾರಿ ಬಿಟ್ಟಿತು. ಅದಕ್ಕೂ ಒಣಮೀನು ಸಿಕ್ಕಿತು, ಆದರೆ ಅದು ಮೂಸಿ ನೋಡಿ ಬಿಟ್ಟಿತು.

ಹೊಳೆಯ ಮೂಲದಲ್ಲಿ ಮಂಜುಗಡ್ಡೆಯ ಗುಹೆ. ಅದರ ಬಾಯಲ್ಲಿ ಹಿಮಮಾಂತ್ರಿಕ ಕೂತಿದ್ದ. ಗಡ್ಡದಲ್ಲಿ ಹಿಮ, ಕಣ್ಣಲ್ಲಿ ಹಿಮ. ಸೂರ್ಯ ಬೆಟ್ಟಕ್ಕಿಂತ ಒಂದೇ ಗೇಣು ಮೇಲಿದ್ದ.

"ನಲವತ್ತು ಚಳಿಗಾಲದ ಹಿಂದೆ ನಿಮ್ಮ ಊರಿನಲ್ಲಿ ಏನು ನಡೆಯಿತು?"

ನೀಲ್ಮಾ ಬೆರಳಲ್ಲೇ ಎಣಿಸಿಕೊಂಡು ಹೋದಳು. ನಲವತ್ತನೆಯದರ ಜಾಗದಲ್ಲಿ ಹಗ್ಗ ನುಣ್ಣಗಿತ್ತು.

"ಆ ವರ್ಷ ಏನೂ ನಡೆಯಲಿಲ್ಲ" ಎಂದಳು.

ತಕ್ಷಣ ಅವಳ ಪಾದ ಮಂಜುಗಡ್ಡೆಗೆ ಅಂಟಿಕೊಂಡಿತು. ಚಳಿ ಮಂಡಿಗೆ ಏರಿತು, ಸೊಂಟಕ್ಕೆ ಏರಿತು.

"ನಿಲ್ಲಿಸಪ್ಪಾ!" ಅಜ್ಜಿ ಬಂಡಿಯಿಂದ ಬಿದ್ದೆದ್ದು ಬಂದಳು. "ಅವಳಿಗೆ ಗೊತ್ತಿಲ್ಲ. ನನಗೆ ಗೊತ್ತು. ಆ ವರ್ಷ ಮೀನು ಕಮ್ಮಿ ಬಂದಿತ್ತು. ಇನ್ನೊಂದು ಹೊಟ್ಟೆ ಬಂದರೆ ಏನು ಗತಿ ಅಂತ ಕಂಬಕ್ಕೆ ಹೋಗುವ ಹಗ್ಗ ಕಟ್ಟಲಿಲ್ಲ. ಹಿಮಗಾಳಿಯಲ್ಲಿ ಯಾರೋ ಗಂಟೆ ಬಾರಿಸಿದರು. ಮೂರು ದಿನ ಬಾರಿಸಿದರು. ನಾವೆಲ್ಲ ಕೇಳಿಸಿಕೊಂಡೂ ಒಳಗೇ ಕೂತಿದ್ವಿ. ನಾನೂ ಕೂತಿದ್ದೆ. ನಾಲ್ಕನೇ ದಿನ ನೋಡಿದರೆ ಯಾರೂ ಇಲ್ಲ. ನಾಚಿಕೆಯಾಗಿ ಗಂಟು ಹಾಕಲಿಲ್ಲ." ಅವಳು ಅವನ ಮುಖ ನೋಡಿದಳು. "ಅದು ನೀನೇ ಅಲ್ವೇನಪ್ಪ?"

ಮಾಂತ್ರಿಕ "ನಾನೇ" ಎಂದ. "ಹಗ್ಗಕ್ಕಾಗಿ ಹಿಮದಲ್ಲೆಲ್ಲ ತಡಕಾಡಿದೆ. ಆಮೇಲೆ ಚಳಿ ಎದೆಯೊಳಗೇ ಹೋಯಿತು."

ಅಜ್ಜಿಗೆ ದುಃಖ ತಡೆಯಲಾಗಲಿಲ್ಲ. ಅಳುತ್ತಲೇ ನುಣ್ಣಗಿದ್ದ ಜಾಗದಲ್ಲಿ ಗಂಟು ಹಾಕಿ ಬಿಗಿದಳು. ಚಳಿ ನೀಲ್ಮಾಳ ಸೊಂಟದಿಂದ ಇಳಿಯಿತು, ಪಾದ ಬಿಟ್ಟಿತು. ನೀಲ್ಮಾ ಹಗ್ಗದ ತುದಿಯನ್ನು ಅವನ ಕೈಗೆ ಕೊಟ್ಟಳು.

"ಇದರ ಆ ತುದಿ ಗಂಟೆಕಂಬದಲ್ಲಿದೆ. ನಲವತ್ತು ವರ್ಷ ತಡವಾಯಿತು ದೊಡ್ಡಪ್ಪ. ಹಿಡಿದುಕೊಂಡು ಬನ್ನಿ. ಮೊದಲು ನಿಮ್ಮ ಹೆಸರು ಹೇಳಿ."

"ಓರ್ಮ" ಎಂದ ಅವನು. ಅಷ್ಟು ವರ್ಷಗಳಲ್ಲಿ ಅದನ್ನು ಕೇಳಿದವರೇ ಇರಲಿಲ್ಲ.

ಅವನು ಹಗ್ಗ ಹಿಡಿದು ದಂಡೆಗುಂಟ ಹೆಜ್ಜೆ ಹಾಕಿದ. ಒಂದೊಂದು ಗಂಟು ದಾಟಿದಂತೆ ಹೊಳೆ ಒಂದೊಂದು ತಿರುವು ಒಡೆಯಿತು. ಗಡ್ಡದ ಹಿಮ ಕರಗಿ ಮುದುಕನೊಬ್ಬ ಕಾಣಿಸಿದ. ಅವನು ಊರು ಮುಟ್ಟಿದಾಗ ಸೂರ್ಯ ಬೆಟ್ಟ ಮುಟ್ಟಿದ, ಹೊಳೆಯ ತುಂಬ ಮೀನು ಬಂತು. ನಲವತ್ತೊಂದು ಮನೆಯವರೂ ಹೊರಗೆ ನಿಂತಿದ್ದರು. ಎಲ್ಲ ಮನೆಯಲ್ಲೂ ಊಟ ಮಾಡಿ ಮುಗಿಸಲು ಅವನಿಗೆ ಎರಡು ತಿಂಗಳು ಬೇಕಾಯಿತು.

ಆ ಚಳಿಗಾಲದ ಮೊದಲ ಹಿಮಗಾಳಿಯಲ್ಲಿ ಗಂಟೆಯ ಸದ್ದು ಕೇಳಿಸಿತು. ಎಲ್ಲರಿಗಿಂತ ಮುಂಚೆ ಹಗ್ಗ ಹಿಡಿದು ಓಡಿದವನು ಓರ್ಮ. ಕರೆತಂದದ್ದು ಯಾರನ್ನು ಅಂತೀರಿ? ದಾರಿ ತಪ್ಪಿದ ಅರಮನೆಯ ನಕ್ಷೆಗಾರನನ್ನು! ಅವನು ಮೂರು ಬಟ್ಟಲು ಮೀನುಸಾರು ಕುಡಿದು, ಮೂಗೊರೆಸಿಕೊಂಡು, ಗಂಟುಹಗ್ಗವನ್ನು ಈ ತುದಿಯಿಂದ ಆ ತುದಿಗೆ ಮುಟ್ಟಿ ನೋಡಿದ. ಅಜ್ಜಿ ಯಾವ ಗಂಟಿನ ಹತ್ತಿರವೂ ಅವಸರ ಮಾಡಲಿಲ್ಲ. ಆಮೇಲೆ ಅವನು ನಕ್ಷೆ ತೆಗೆದು, ಆ ನೆಟ್ಟನೆಯ ಗೆರೆಯನ್ನು ಅಳಿಸಿಹಾಕಿದ.